ಸಂಭಾವನೆಯನ್ನು ಶಾಲೆಯಾಗಿಸಿದ ಸರ್ ಎಂ.ವಿ.: ಭದ್ರಾವತಿಯ ಕುಲುಮೆಯಿಂದ ಒಂದು ಪಾಠ

ಶಿವಮೊಗ್ಗದ ರವೀಂದ್ರನಗರದಿಂದ ಭದ್ರಾವತಿಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗೆ ಸುಮಾರು 20 ಕಿಲೋಮೀಟರ್ ದೂರ. ಈ ಎರಡು ಊರುಗಳ ನಡುವೆ ದಿನನಿತ್ಯ ಓಡಾಡುವವರಿಗೆ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಹೊಸದಲ್ಲ. ಕಾರ್ಖಾನೆ ಅವರ ಹೆಸರನ್ನೇ ಹೊತ್ತಿದೆ. ಪ್ರತಿ ವರ್ಷ ಸೆಪ್ಟೆಂಬರ್ 15ರಂದು, ಇಂಜಿನಿಯರುಗಳ ದಿನದ ನೆಪದಲ್ಲಿ, ನಾಡಿನೆಲ್ಲೆಡೆ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಕನ್ನಂಬಾಡಿಯ ಅಣೆಕಟ್ಟು, ಮೈಸೂರು ಬ್ಯಾಂಕು, ಮೈಸೂರು ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಒಪ್ಪಿಸುವುದರೊಂದಿಗೆ ಸಮಾರಂಭ ಮುಗಿಯುತ್ತದೆ.

ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿಯೊಂದಿದೆ. ಭದ್ರಾವತಿಯಲ್ಲಿ ತಾವು ದುಡಿದ ವರ್ಷಗಳಿಗೆ ಸಲ್ಲಬೇಕಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ತಮ್ಮ ಮನೆಗೆ ಒಯ್ಯಲಿಲ್ಲ. ಯುವಕರಿಗೆ ಕಸುಬು ಕಲಿಸುವ ಸಂಸ್ಥೆಯೊಂದನ್ನು ಕಟ್ಟಲು ಅದನ್ನು ಬಿಟ್ಟುಕೊಟ್ಟರು. ಕಾರ್ಖಾನೆಯ ಆದಾಯದಿಂದ ಕಲಿಕೆಗೆ ಒಂದು ಪಾಲು ಸಲ್ಲಬೇಕೆಂಬ ಮಾತನ್ನು ಇಂದು ಹಲವರು ಆಡುತ್ತಾರೆ. ತಮ್ಮ ಪಾಲನ್ನೇ ಕೊಟ್ಟು ಅದನ್ನು ಆಗಮಾಡಿ ತೋರಿಸಿದವರು ವಿರಳ. ದುಡಿಯುವ ವಯಸ್ಕರ ಶಿಕ್ಷಣ ಮತ್ತು ಕೆಲಸದ ಸ್ಥಳದಲ್ಲಿನ ತರಬೇತಿಯ ಬಗ್ಗೆ ಯೋಚಿಸುವವರು ಅವರ ಬದುಕನ್ನು ಈ ದಿಕ್ಕಿನಿಂದ ಮತ್ತೊಮ್ಮೆ ನೋಡಬೇಕಾಗಿದೆ.

ದುಡಿಯುತ್ತ ಕಲಿತ ಬಾಲಕ

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ, 1860ರ ದಶಕದ ಆರಂಭದಲ್ಲಿ, ಶ್ರೀನಿವಾಸ ಶಾಸ್ತ್ರಿಗಳ ಮಗನಾಗಿ ವಿಶ್ವೇಶ್ವರಯ್ಯನವರು ಜನಿಸಿದರು. ಮನೆಯಲ್ಲಿ ಸಂಸ್ಕೃತ ವಿದ್ಯೆಯಿತ್ತು, ಸಿರಿತನವಿರಲಿಲ್ಲ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಚಿಕ್ಕಬಳ್ಳಾಪುರದಲ್ಲಿ ಆರಂಭದ ಶಿಕ್ಷಣ ಮುಗಿಸಿ, ಸೋದರಮಾವನ ಆಶ್ರಯ ಅರಸಿ ಬೆಂಗಳೂರಿಗೆ ಬಂದರು.

ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಖರ್ಚಿಗೆ ಹಣ ಸಾಲದೆ, ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ದಿನ ದೂಡಿದರು. 1881ರಲ್ಲಿ ಬಿ.ಎ. ಪದವಿ ದೊರೆಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. 1883ರಲ್ಲಿ ಅಲ್ಲಿನ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಅವರು ಪ್ರಥಮ ಸ್ಥಾನ ಗಳಿಸಿದರು. ಕಲಿಯಲು ದುಡಿಯಬೇಕಾದವನ ಕಷ್ಟವೇನು, ಸಕಾಲದಲ್ಲಿ ಸಿಕ್ಕ ವಿದ್ಯಾರ್ಥಿವೇತನ ಒಂದು ಬದುಕನ್ನು ಎತ್ತ ಒಯ್ಯಬಲ್ಲದು ಎಂಬುದನ್ನು ಅವರು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆಗಿ ಸೇರಿದ ಅವರಿಗೆ ಕಾಲೇಜು ಕಲಿಸದ ಪಾಠಗಳು ಅಲ್ಲಿ ಎದುರಾದವು. ಖಾನದೇಶದ ಧುಳೆಯ ಬಳಿ ಪಾಂಜ್ರಾ ನದಿಗೆ ಅಡ್ಡಲಾಗಿ ಕೊಳವೆಯ ಸೈಫನ್ ಹಾಕುವ ಹೊಣೆ ಆ ತರುಣನ ಹೆಗಲಿಗೆ ಬಿತ್ತು. ಮಳೆಗಾಲದಲ್ಲಿ ಕೆಲಸ ತಡೆಯುವುದು ಲೇಸೆಂದು ಅವರು ಭಾವಿಸಿದಾಗ ಮೇಲಧಿಕಾರಿಗೆ ಅದು ಉತ್ಸಾಹದ ಕೊರತೆಯಾಗಿ ಕಂಡಿತು. ಅವರು ವಾದಿಸುತ್ತ ಕೂರದೆ ಹೊಳೆಯ ದಡದಲ್ಲಿ ನಿಂತು ಕೆಲಸ ಪೂರೈಸಿದರು.

ಅಲ್ಲಿಂದ ಸಿಂಧ್ ಪ್ರಾಂತ್ಯದ ಸುಕ್ಕೂರಿನ ನೀರು ಸರಬರಾಜು, ಪುಣೆಯ ಸಮೀಪದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು, ಸರದಿಯ ಮೇಲೆ ನೀರು ಹಾಯಿಸುವ ನೀರಾವರಿ ಪದ್ಧತಿ ಹೀಗೆ ಒಂದೊಂದು ಕೆಲಸವೂ ಅವರಿಗೆ ಒಂದೊಂದು ತರಗತಿಯಾಯಿತು. 1898ರಲ್ಲಿ ಅವರು ಕೈಗೊಂಡ ಜಪಾನ್ ಪ್ರವಾಸ ಬೇರೊಂದು ಬಗೆಯ ಕಣ್ಣು ತೆರೆಸಿತು. ಏಷ್ಯಾದ ಒಂದು ದೇಶ ಕೆಲವೇ ದಶಕಗಳಲ್ಲಿ ಸಾರ್ವತ್ರಿಕ ಶಿಕ್ಷಣ ಹಾಗೂ ಕೈಗಾರಿಕಾ ಕೌಶಲ್ಯದ ಬಲದಿಂದ ಮೇಲೆದ್ದುದನ್ನು ಅವರು ಕಣ್ಣಾರೆ ಕಂಡರು. ಈ ನೋಟ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ದಿವಾನರ ಪಾಠಶಾಲೆ

1908ರಲ್ಲಿ ಮುಂಬಯಿ ಸೇವೆಯಿಂದ ನಿವೃತ್ತರಾಗಿ, ಹೈದರಾಬಾದಿನಲ್ಲಿ ಮೂಸಿ ನದಿಯ ಪ್ರವಾಹ ನಿಯಂತ್ರಣಕ್ಕೆ ಯೋಜನೆ ರೂಪಿಸಿದ ಬಳಿಕ, 1909ರಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರ್ ಆದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ದಿವಾನರನ್ನಾಗಿ ನೇಮಿಸಿದರು. ಅದಕ್ಕೂ ಮುನ್ನ, 1911ರಲ್ಲಿಯೇ, ಅವರ ಪ್ರೇರಣೆಯಿಂದ ಮೈಸೂರು ಆರ್ಥಿಕ ಸಮ್ಮೇಳನ ಅಸ್ತಿತ್ವಕ್ಕೆ ಬಂದಿತ್ತು. ಕೃಷಿ, ಕೈಗಾರಿಕೆ ಮತ್ತು ವಾಣಿಜ್ಯ, ಶಿಕ್ಷಣ ಎಂಬ ಮೂರು ವಿಷಯಗಳನ್ನು ಆ ಸಮ್ಮೇಳನದ ಸಮಿತಿಗಳು ಒಂದೇ ಸೂರಿನಡಿ ಚರ್ಚಿಸುತ್ತಿದ್ದವು. ಶಿಕ್ಷಣವನ್ನು ಆರ್ಥಿಕ ವಿಷಯವೆಂದು ಪರಿಗಣಿಸಿ ಅದನ್ನು ಕೃಷಿ, ಕೈಗಾರಿಕೆಗಳ ಪಕ್ಕದಲ್ಲಿಯೇ ಕೂರಿಸಿದ್ದು ಆ ಕಾಲಕ್ಕೆ ಹೊಸ ಆಲೋಚನೆ.

ಅವರ ಆಡಳಿತದ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 10,500ಕ್ಕೆ ಏರಿತು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ, ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಶಾಲೆ ತೆರೆದವು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಒಂದರ ಹಿಂದೆ ಒಂದರಂತೆ ಹುಟ್ಟಿದವು. ತಾಂತ್ರಿಕ ವಿದ್ಯೆ ಕಲಿಯಲು ತರುಣರನ್ನು ವಿದ್ಯಾರ್ಥಿವೇತನ ಕೊಟ್ಟು ಹೊರದೇಶಗಳಿಗೆ ಕಳುಹಿಸಲಾಯಿತು.

ಈ ಸಾಲಿನಲ್ಲಿ ಮರೆಯಬಾರದ ಇನ್ನೊಂದು ಪ್ರಯತ್ನವಿದೆ. ಶಾಲೆಯ ವಯಸ್ಸು ಮೀರಿದವರಿಗಾಗಿ ಸಾಕ್ಷರತೆಯ ತರಗತಿಗಳು, ಊರಿಂದೂರಿಗೆ ಸಾಗುವ ಸಂಚಾರಿ ಪುಸ್ತಕ ಭಂಡಾರಗಳು ಆಗಲೇ ಆರಂಭವಾದವು. ಬೆಂಗಳೂರು, ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಬಾಗಿಲು ತೆರೆದವು. ಮಕ್ಕಳು ಕಲಿತು ದೊಡ್ಡವರಾಗುವವರೆಗೆ ನಾಡು ಕಾಯುತ್ತ ಕೂರಲಾಗದು, ಇಂದು ನೇಗಿಲು ಹಿಡಿದವನೂ ಮಗ್ಗದ ಮುಂದೆ ಕುಳಿತವನೂ ಕಲಿಯಬೇಕು ಎಂಬುದು ಈ ಏರ್ಪಾಡಿನ ತಿರುಳು. 1940ರ ದಶಕದಲ್ಲಿ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯು ಹೊಸದಾಗಿ ಅಕ್ಷರ ಕಲಿತವರಿಗಾಗಿ ಬೆಳಕು ಎಂಬ ಪತ್ರಿಕೆಯನ್ನು ಹೊರತಂದಾಗ, ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿಯಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ತೆರೆದಾಗ, ಮುಂದುವರಿದದ್ದು ಇದೇ ಹಾದಿ.

ಬೆಂಕಿಪುರದ ಕುಲುಮೆ

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಭದ್ರಾ ನದಿಯ ನೀರು, ಕೆಮ್ಮಣ್ಣುಗುಂಡಿಯ ಅದಿರು, ಸಮೀಪದಲ್ಲೇ ಸಿಗುವ ಸುಣ್ಣಕಲ್ಲು, ಸುತ್ತಲಿನ ಮಲೆನಾಡಿನ ಕಾಡು, ಬೀರೂರು-ಶಿವಮೊಗ್ಗ ರೈಲು ಹಾದಿ ಇವೆಲ್ಲ ಒಂದೆಡೆ ಕೂಡಿದ್ದರಿಂದ ಕಬ್ಬಿಣದ ಕಾರ್ಖಾನೆಗೆ ಈ ಸ್ಥಳ ಆಯ್ಕೆಯಾಯಿತು. ಆದರೆ ಕಲ್ಲಿದ್ದಲು ಇಲ್ಲಿರಲಿಲ್ಲ. ಆದ್ದರಿಂದ ಕಟ್ಟಿಗೆಯನ್ನು ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಿಂದ ಅದಿರನ್ನು ಕರಗಿಸುವ ಯೋಜನೆ ರೂಪುಗೊಂಡಿತು. ಇದ್ದಿಲು ತಯಾರಿಕೆಯಲ್ಲಿ ಹೊರಡುವ ಆವಿಯಿಂದ ಮೆಥನಾಲ್, ಡಾಂಬರು ಮುಂತಾದ ಉಪ ಉತ್ಪನ್ನಗಳನ್ನೂ ಪಡೆಯಬಹುದಾಗಿತ್ತು.

1918ರಲ್ಲಿ ಯೋಜನೆಗೆ ಒಪ್ಪಿಗೆ ದೊರೆಯಿತು. ಅದೇ ವರ್ಷದ ಕೊನೆಯಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ಹೊರನಡೆದರು. ಇದರ ಹಿನ್ನೆಲೆಯನ್ನು ಮರೆಮಾಚಬೇಕಿಲ್ಲ. ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ನ್ಯಾಯವಾದ ಪಾಲು ಸಿಗಬೇಕೆಂಬ ಒತ್ತಾಯದ ಹಿನ್ನೆಲೆಯಲ್ಲಿ ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದ್ದರು. ಶಿಕ್ಷಣವನ್ನು ವಿಸ್ತರಿಸಿ, ವಿದ್ಯಾರ್ಥಿವೇತನ ಕೊಟ್ಟು ಎಲ್ಲರನ್ನೂ ಮೇಲೆತ್ತಬೇಕೇ ಹೊರತು ನೇಮಕದಲ್ಲಿ ಅರ್ಹತೆಯನ್ನು ಸಡಿಲಿಸಬಾರದು ಎಂಬುದು ದಿವಾನರ ನಿಲುವು. ಕಾಲ ಅವರ ನಿಲುವನ್ನು ಒಪ್ಪಲಿಲ್ಲ. ಬಾಗಿಲು ತೆರೆದಿಟ್ಟ ಮಾತ್ರಕ್ಕೆ ತಲೆಮಾರುಗಳಿಂದ ಹೊರಗೆ ನಿಂತವರು ಒಳಬರಲಾಗದು ಎಂಬುದನ್ನು ಮುಂದಿನ ಕರ್ನಾಟಕ ಅರಿತುಕೊಂಡಿತು. ತರಬೇತಿಯ ವಿಷಯದಲ್ಲಿಯೂ ಈ ಅರಿವು ಅಷ್ಟೇ ಮುಖ್ಯ.

ಯುದ್ಧದ ನಂತರ ಜಗತ್ತಿನಲ್ಲಿ ಕಬ್ಬಿಣದ ಬೆಲೆ ಕುಸಿದಿತ್ತು. 1923ರ ಜನವರಿಯಲ್ಲಿ ಭದ್ರಾವತಿಯ ಕಾರ್ಖಾನೆ ಉತ್ಪಾದನೆ ಆರಂಭಿಸಿದಾಗ ಅದು ನಷ್ಟದ ಕೂಪವೆಂದೇ ಹಲವರ ತೀರ್ಮಾನವಾಗಿತ್ತು. ಸರ್ಕಾರ ಮತ್ತೆ ವಿಶ್ವೇಶ್ವರಯ್ಯನವರತ್ತ ನೋಡಿತು. 60 ದಾಟಿದ ವಯಸ್ಸಿನಲ್ಲಿ ಅವರು ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡರು. 1929ರವರೆಗೆ ಆ ಹೊಣೆ ಹೊತ್ತರು.

ಅಲ್ಲಿ ಅವರಿಗೆ ಎದುರಾದ ಮೊದಲ ಸಮಸ್ಯೆ ಜನರದ್ದು. ಕಾರ್ಖಾನೆಯ ವಿನ್ಯಾಸ ಅಮೆರಿಕದ ಸಲಹೆಗಾರರದ್ದು, ಆರಂಭದ ಮೇಲ್ವಿಚಾರಣೆಯೂ ವಿದೇಶಿ ತಜ್ಞರದ್ದು. ಊದುಕುಲುಮೆಯ ಮುಂದೆ ನಿಂತು ಕರಗಿದ ಕಬ್ಬಿಣದ ಬಣ್ಣ ನೋಡಿ ಅದರ ಹದ ಹೇಳುವುದು ಯಾವ ಕಾಲೇಜಿನಲ್ಲಿಯೂ ಕಲಿಯುವ ವಿದ್ಯೆಯಲ್ಲ. ತಜ್ಞನ ಪಕ್ಕದಲ್ಲಿ ನಿಂತು, ನೋಡಿ, ಕೈಯಾರೆ ಮಾಡಿ, ತಪ್ಪಿ, ತಿದ್ದಿಕೊಂಡು ಕಲಿಯಬೇಕಾದ ವಿದ್ಯೆ. ವಿದೇಶಿ ತಜ್ಞರನ್ನು ಶಾಶ್ವತವಾಗಿ ನೆಚ್ಚಿಕೊಂಡರೆ ವೆಚ್ಚ ಇಳಿಯದು, ಅವರು ಹೊರಟ ದಿನ ಕುಲುಮೆ ತಣ್ಣಗಾಗುತ್ತದೆ ಎಂಬುದು ಅವರಿಗೆ ಸ್ಪಷ್ಟವಿತ್ತು. ಆದ್ದರಿಂದ ಮೈಸೂರಿನವರೇ ಆದ ಇಂಜಿನಿಯರುಗಳನ್ನೂ ಕೆಲಸಗಾರರನ್ನೂ ಒಂದೊಂದು ವಿಭಾಗದಲ್ಲಿ ಸಿದ್ಧಗೊಳಿಸಿ, ಕ್ರಮೇಣ ಹೊಣೆಗಾರಿಕೆಯನ್ನು ಅವರ ಕೈಗೆ ವರ್ಗಾಯಿಸಲಾಯಿತು.

ಜೊತೆಗೆ ವೆಚ್ಚದ ಮೇಲೆ ಕಟ್ಟುನಿಟ್ಟಿನ ನಿಗಾ, ಪ್ರತಿ ವಿಭಾಗದ ಲೆಕ್ಕದ ಪರಿಶೀಲನೆ, ಹೊಸ ಉತ್ಪನ್ನಗಳ ಹುಡುಕಾಟ ನಡೆದವು. ಬರಿಯ ಬೀಡುಕಬ್ಬಿಣ ಮಾರುವುದರ ಬದಲು ಎರಕದ ಕೊಳವೆಗಳ ತಯಾರಿಕೆಯೂ ಸೇರಿತು. ಅಧ್ಯಕ್ಷತೆಯನ್ನು ಬಿಟ್ಟುಕೊಡುವ ಹೊತ್ತಿಗೆ ಕಾರ್ಖಾನೆ ತನ್ನ ಕಾಲ ಮೇಲೆ ನಿಲ್ಲುವ ಸ್ಥಿತಿಗೆ ಬಂದಿತ್ತು. 1936ರಲ್ಲಿ ಅಲ್ಲಿ ಉಕ್ಕಿನ ತಯಾರಿಕೆ ಆರಂಭವಾದಾಗ ಹೊಸ ಕೆಲಸಕ್ಕೆ ಇಳಿಯಲು ಊರಿನಲ್ಲಿಯೇ ಪಳಗಿದ ಕೈಗಳಿದ್ದವು. ಆ ವರ್ಷವೇ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗೂ ಭದ್ರಾವತಿಯೇ ನೆಲೆಯಾಯಿತು. ಹೀಗೆ ಹಳೆಯ ಬೆಂಕಿಪುರ ಕೈಗಾರಿಕಾ ಪಟ್ಟಣವಾಗಿ ಬೆಳೆಯಿತು.

ಸಂಭಾವನೆಯಿಂದ ಹುಟ್ಟಿದ ಸಂಸ್ಥೆ

ಭದ್ರಾವತಿಯ ಸೇವೆಗೆ ವಿಶ್ವೇಶ್ವರಯ್ಯನವರು ಆರಂಭದಲ್ಲಿ ಸಂಬಳ ಪಡೆಯಲಿಲ್ಲ. ಕಾರ್ಖಾನೆ ಚೇತರಿಸಿಕೊಂಡ ಬಳಿಕ ಸರ್ಕಾರ ಅವರಿಗೆ ಸಲ್ಲಬೇಕಾದ ಸಂಭಾವನೆಯನ್ನು ಲೆಕ್ಕ ಹಾಕಿದಾಗ ಅದು ಲಕ್ಷ ರೂಪಾಯಿಯನ್ನು ಮೀರಿತ್ತು. ಆ ಕಾಲಕ್ಕೆ ಅದು ಬಹು ದೊಡ್ಡ ಮೊತ್ತ. ಅದನ್ನು ಯುವಕರಿಗೆ ವೃತ್ತಿ ಕಲಿಸುವ ಸಂಸ್ಥೆಯೊಂದಕ್ಕೆ ಬಳಸಬೇಕೆಂದು ಅವರು ತಿಳಿಸಿದರು. ತಮ್ಮ ಹೆಸರಿಡುವುದಕ್ಕೆ ಒಪ್ಪಲಿಲ್ಲ. ಹಾಗಾಗಿ 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಗೆ ಶ್ರೀ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆ ಎಂಬ ಹೆಸರು ಬಂತು. ಇಂದು ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ನಾವು ಕರೆಯುವುದು ಇದನ್ನೇ.

ಈ ಸಂಸ್ಥೆಯ ಪಠ್ಯಕ್ರಮ ಕಾಲದ ಬೇಡಿಕೆಗೆ ಹೇಗೆ ಕಿವಿಗೊಟ್ಟಿತ್ತು ಎಂಬುದಕ್ಕೆ ಒಂದು ನಿದರ್ಶನ ಸಾಕು. ಚಲನಚಿತ್ರ ಛಾಯಾಗ್ರಹಣವನ್ನು ಕ್ರಮಬದ್ಧ ವೃತ್ತಿ ಶಿಕ್ಷಣವಾಗಿ ಇಲ್ಲಿ 1940ರ ದಶಕದಲ್ಲಿಯೇ ಕಲಿಸಲಾಗುತ್ತಿತ್ತು. ಮೈಸೂರಿನ ವಿ.ಕೆ. ಮೂರ್ತಿ 1946ರಲ್ಲಿ ಇಲ್ಲಿಂದಲೇ ಡಿಪ್ಲೊಮಾ ಪಡೆದು ಹೊರಬಂದರು. ಗುರುದತ್ತರ ಚಿತ್ರಗಳಿಗೆ ಬೆಳಕು-ನೆರಳಿನ ವಿನ್ಯಾಸ ಕೊಟ್ಟು, 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರು. 1962ರಲ್ಲಿ ಇಲ್ಲಿಂದ ಹೊರಬಿದ್ದ ಗೋವಿಂದ್ ನಿಹಲಾನಿ ಮುಂದೆ ಹೆಸರಾಂತ ನಿರ್ದೇಶಕರಾದರು. ಮಲೆನಾಡಿನ ಕಬ್ಬಿಣದ ಕುಲುಮೆಯ ದುಡಿಮೆ, ಬೆಳ್ಳಿತೆರೆಯ ಬೆಳಕಿಗೂ ಎಣ್ಣೆ ಎರೆದಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ವಿಶ್ವೇಶ್ವರಯ್ಯನವರ ಕಲಿಕೆಯೂ ನಿಲ್ಲಲಿಲ್ಲ. 1921-22ರಲ್ಲಿ ಮುಂಬಯಿ ಸರ್ಕಾರದ ತಾಂತ್ರಿಕ ಮತ್ತು ಕೈಗಾರಿಕಾ ಶಿಕ್ಷಣ ಸಮಿತಿಯ ಅಧ್ಯಕ್ಷರಾಗಿದ್ದರು. 1932ರಲ್ಲಿ ದೇಶದ ನಿರುದ್ಯೋಗದ ಬಗ್ಗೆ, 1934ರಲ್ಲಿ ಯೋಜಿತ ಆರ್ಥಿಕತೆಯ ಬಗ್ಗೆ ಗ್ರಂಥಗಳನ್ನು ಬರೆದರು. 80 ದಾಟಿದ ಮೇಲೆ, 1946ರಲ್ಲಿ, ಅಖಿಲ ಭಾರತ ಉತ್ಪಾದಕರ ಸಂಘದ ನಿಯೋಗವನ್ನು ಕರೆದುಕೊಂಡು ಯುರೋಪ್, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದರು. 1951ರಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನು ಪ್ರಕಟಿಸಿದರು. 1955ರಲ್ಲಿ ಭಾರತರತ್ನ ಅರಸಿ ಬಂತು. 1962ರ ಏಪ್ರಿಲ್‌ನಲ್ಲಿ ಅವರು ನಿಧನರಾದರು. ವಯಸ್ಕರ ಶಿಕ್ಷಣಕ್ಕೆ ಅವರ ಬದುಕಿಗಿಂತ ಮಿಗಿಲಾದ ಉದಾಹರಣೆ ಬೇಕೆ?

ಇಂದಿಗೆ ಒದಗುವ ಮಾದರಿ

2023ರ ಜನವರಿಯಲ್ಲಿ ಭಾರತೀಯ ಉಕ್ಕು ಪ್ರಾಧಿಕಾರವು ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಪ್ರಕಟಿಸಿದಾಗ ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಅದೇ ವರ್ಷದ ಆಗಸ್ಟ್‌ನಲ್ಲಿ ಕಾರ್ಖಾನೆಯ ಒಂದು ಭಾಗ ಮತ್ತೆ ಚಾಲನೆಗೊಂಡಿತು. ಕಾಗದ ಕಾರ್ಖಾನೆ ಅದಕ್ಕೂ ಹಲವು ವರ್ಷಗಳ ಹಿಂದೆಯೇ ಸ್ತಬ್ಧವಾಗಿತ್ತು. ಇಂತಹ ಗಳಿಗೆಯಲ್ಲಿ ಕಾರ್ಮಿಕನ ಜೊತೆ ಗೇಟಿನಿಂದ ಹೊರಬರುವ ಆಸ್ತಿ ಅವನ ಕೌಶಲ್ಯವೊಂದೇ. ಆದರೆ ಇಪ್ಪತ್ತು ವರ್ಷ ಯಂತ್ರದ ಮುಂದೆ ನಿಂತವನ ಬಳಿಯೂ ಆ ಕೌಶಲ್ಯವನ್ನು ಬೇರೆಯವರಿಗೆ ತೋರಿಸಲು ಒಂದು ಹಾಳೆ ಇರದಿದ್ದರೆ, ಹೊಸ ಊರಿನಲ್ಲಿ ಅವನು ಮತ್ತೆ ಅಕುಶಲ ಕೂಲಿಯೇ ಆಗುತ್ತಾನೆ. ವಿಶ್ವೇಶ್ವರಯ್ಯನವರ ಬದುಕು ಇಲ್ಲಿ ನಮಗೆ ಕೆಲವು ದಾರಿಗಳನ್ನು ತೋರಿಸುತ್ತದೆ.

ಮೊದಲನೆಯದು, ತರಬೇತಿ ಕೆಲಸದ ಭಾಗವಾಗಬೇಕು. ಪಾಳಿ ಮುಗಿಸಿ ದಣಿದವನನ್ನು ಸಭಾಂಗಣದಲ್ಲಿ ಕೂರಿಸಿ ಭಾಷಣ ಕೇಳಿಸುವುದರಿಂದ ಪ್ರಯೋಜನ ಕಡಿಮೆ. ಪಾಳಿಯ ಅವಧಿಯಲ್ಲಿಯೇ, ಯಂತ್ರದ ಪಕ್ಕದಲ್ಲಿಯೇ, ಅನುಭವಿಯ ಜೊತೆಗೆ ಕಲಿಯುವವನನ್ನು ನಿಲ್ಲಿಸಬೇಕು. ಪ್ರತಿಯೊಂದು ಮುಖ್ಯ ಕೆಲಸಕ್ಕೂ ಮುಂದಿನ ವಾರಸುದಾರ ಯಾರು, ಯಾವಾಗ ಹೊಣೆ ವಹಿಸಿಕೊಳ್ಳುತ್ತಾನೆ ಎಂಬುದು ಬರಹದಲ್ಲಿ ಇರಬೇಕು. 1961ರ ಅಪ್ರೆಂಟಿಸ್ ಕಾಯ್ದೆ ಇದಕ್ಕೆ ಕಾನೂನಿನ ಚೌಕಟ್ಟು ಕೊಟ್ಟಿದೆ. ಅಪ್ರೆಂಟಿಸನನ್ನು ಅಗ್ಗದ ಕೂಲಿಯಾಗಿ ಬಳಸದೆ ನಿಜವಾಗಿ ಕಲಿಸುವ ಮನಸ್ಸು ಬೇಕು.

ಎರಡನೆಯದು, ಹಣ. ಲಾಭ ಬಂದಾಗ ನೋಡೋಣ ಎಂದರೆ ತರಬೇತಿಯ ಸರದಿ ಬರುವುದೇ ಇಲ್ಲ. ಸಂಬಳದ ಒಟ್ಟು ವೆಚ್ಚದಲ್ಲಿ ಒಂದು ಸಣ್ಣ ಪಾಲನ್ನು ವರ್ಷದ ಆರಂಭದಲ್ಲಿಯೇ ಬೇರೆ ಲೆಕ್ಕಕ್ಕೆ ತೆಗೆದಿಟ್ಟರೆ, ಸಣ್ಣ ಕಾರ್ಖಾನೆಯೂ ವರ್ಷಕ್ಕೆ ನಾಲ್ಕು ಜನರನ್ನು ಕಲಿಕೆಗೆ ಕಳುಹಿಸಬಹುದು. ಒಂಟಿಯಾಗಿ ಆಗದಿದ್ದರೆ ಒಂದೇ ಕೈಗಾರಿಕಾ ವಸಾಹತಿನ ಹತ್ತು ಘಟಕಗಳು ಕೂಡಿ ಒಬ್ಬ ಬೋಧಕನನ್ನು ಇಟ್ಟುಕೊಳ್ಳಬಹುದು.

ಮೂರನೆಯದು, ಭಾಷೆ. ಯಂತ್ರದ ಕೈಪಿಡಿ ಇಂಗ್ಲಿಷಿನಲ್ಲಿದ್ದು, ಅದನ್ನು ನಡೆಸುವವನು ಕನ್ನಡ ಮಾತ್ರ ಓದಬಲ್ಲವನಾದರೆ ಅಪಘಾತಕ್ಕೆ ನಾವೇ ದಾರಿ ಮಾಡಿದಂತೆ. ಆಯಾ ವಿಭಾಗದ ಕೆಲಸಗಾರರೇ ಕೂತು, ತಾವು ಬಳಸುವ ಮಾತುಗಳಲ್ಲಿ, ಎರಡು ಪುಟದ ಕನ್ನಡ ಸೂಚನೆಯನ್ನು ಬರೆಯುವುದು ದೊಡ್ಡ ವೆಚ್ಚದ ಕೆಲಸವಲ್ಲ. ಅಕ್ಷರ ಬಾರದವರಿಗೆ ಮಾಪಕದ ಅಂಕಿ ಓದುವುದು, ಪಾಳಿಯ ಪುಸ್ತಕದಲ್ಲಿ ಒಂದು ಸಾಲು ಬರೆಯುವುದು, ವೇತನ ಚೀಟಿಯ ಕಡಿತಗಳನ್ನು ಲೆಕ್ಕ ಹಾಕುವುದು ಇವುಗಳಿಂದಲೇ ಅಕ್ಷರಾಭ್ಯಾಸ ಆರಂಭವಾಗಬಹುದು. ನಾಳೆ ಬೆಳಿಗ್ಗೆಯೇ ಉಪಯೋಗಕ್ಕೆ ಬರುವ ಪಾಠವನ್ನು ವಯಸ್ಕರು ಬೇಗ ಕಲಿಯುತ್ತಾರೆ, ಬೇಗ ಮರೆಯುವುದಿಲ್ಲ.

ನಾಲ್ಕನೆಯದು, ಸ್ಥಳ ಮತ್ತು ಸಮಯ. ರವೀಂದ್ರನಗರದಂತಹ ಬಡಾವಣೆಗಳಲ್ಲಿ ಸಂಜೆಯಾದ ಮೇಲೆ ಖಾಲಿ ಉಳಿಯುವ ಶಾಲಾ ಕೊಠಡಿಗಳಿಗೆ ಕೊರತೆಯಿರಲಾರದು. ಕಾರ್ಖಾನೆ, ಕೈಗಾರಿಕಾ ತರಬೇತಿ ಸಂಸ್ಥೆಗಳಿಂದ ನಿವೃತ್ತರಾದ ಅನುಭವಿಗಳೂ ಶಿವಮೊಗ್ಗ, ಭದ್ರಾವತಿಗಳಲ್ಲಿ ಇದ್ದಾರೆ. ವಾರಕ್ಕೆ ಎರಡು ಸಂಜೆ, ಒಂದೂವರೆ ಗಂಟೆ, ಮೂರು ತಿಂಗಳಿಗೆ ಮುಗಿಯುವ ಚಿಕ್ಕ ಪಾಠಕ್ರಮ: ವಿದ್ಯುತ್ ರಿಪೇರಿ, ಬೆಸುಗೆ, ಲೆಕ್ಕಪತ್ರ, ಕಂಪ್ಯೂಟರ್. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡು ಇದ್ದರೆ ತಾಯಂದಿರೂ ಬರಬಲ್ಲರು.

ಐದನೆಯದು, ಮಾನ್ಯತೆ. ಕೆಲಸ ಮಾಡುತ್ತಲೇ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಗೆ 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಅವಕಾಶ ಕಲ್ಪಿಸಲಾಯಿತು. ಗುತ್ತಿಗೆ ಮುಗಿಯುವ ಮುನ್ನವೇ, ಕೆಲಸವಿರುವಾಗಲೇ, ಪ್ರತಿ ಗುತ್ತಿಗೆ ಕಾರ್ಮಿಕನಿಗೂ ಇಂತಹ ಪರೀಕ್ಷೆಗೆ ದಾರಿ ಮಾಡಿಕೊಡುವುದು ಮಾಲೀಕರ ಕರ್ತವ್ಯವಾಗಬೇಕು.

ಇವೆಲ್ಲಕ್ಕೂ ಮೇಲೆ, ಕಲಿಕೆಯ ಸಾಲಿನಲ್ಲಿ ಯಾರು ನಿಂತಿಲ್ಲ ಎಂಬುದನ್ನು ಪ್ರತಿ ವರ್ಷ ಎಣಿಸಬೇಕು. 1918ರ ವಿವಾದ ಕಲಿಸಿದ ಪಾಠ ಇದು. ಆಯ್ಕೆಯಾದವರ ಪಟ್ಟಿಯಲ್ಲಿ ಮಹಿಳೆಯರಿಲ್ಲದಿದ್ದರೆ, ದಲಿತರಿಲ್ಲದಿದ್ದರೆ, ಗುತ್ತಿಗೆಯವರಿಲ್ಲದಿದ್ದರೆ, ತಪ್ಪು ಅವರದ್ದಲ್ಲ, ಪಟ್ಟಿ ಮಾಡಿದವರದ್ದು.

ವಿಶ್ವೇಶ್ವರಯ್ಯನವರು ಕಟ್ಟಿದ ಕಾರ್ಖಾನೆಗಳಲ್ಲಿ ಕೆಲವು ಬೆಳೆದವು, ಕೆಲವು ಸೊರಗಿದವು. ಮಾರುಕಟ್ಟೆ, ತಂತ್ರಜ್ಞಾನ, ಸರ್ಕಾರದ ನೀತಿಗಳು ಬದಲಾದಂತೆ ಯಂತ್ರಗಳ ಆಯುಷ್ಯ ತೀರುತ್ತದೆ. ಅವರು ಬಿಟ್ಟುಕೊಟ್ಟ ಸಂಭಾವನೆಯಿಂದ ಹುಟ್ಟಿದ ಸಂಸ್ಥೆಯಲ್ಲಿ ಮಾತ್ರ ಎಂಟು ದಶಕಗಳ ನಂತರವೂ ಪಾಠ ನಡೆದಿದೆ. ಭದ್ರಾವತಿಯ ಕುಲುಮೆಯ ಭವಿಷ್ಯ ಏನೇ ಆಗಲಿ, ಅದರ ಮುಂದೆ ನಿಂತು ದುಡಿದವರ ಕಲಿಕೆಗೆ ಒಂದು ಪಾಲನ್ನು ತೆಗೆದಿಡುವುದು ಮುಂದಿನ ಸೆಪ್ಟೆಂಬರ್ 15ರ ಹಾರಕ್ಕಿಂತ ಹಿರಿದಾದ ಗೌರವ.